ಎಡ ಹಿಮ್ಮಡಿ

ಆರು ವರ್ಷ. ಪಕ್ಕೆಲುಬು, ತೊಡೆ, ಸೊಂಟ
ಸರದಿಯಲ್ಲಿ ಬಿರುಕು ಬಿಟ್ಟವು.
ವಾತ ಅಂದರು, ವಯಸ್ಸು ಅಂದರು,
ಕುರ್ಲಾ ಡಿಪೋದಲ್ಲಿ ನಾಟಕ ಅಂದರು.

ಪರೇಲಿನ ಆಸ್ಪತ್ರೆ, ನೆಲಮಾಳಿಗೆ.
ಸೀಸದ ಡಬ್ಬಿಯಿಂದ ಒಂದು ಸೂಜಿ ಗ್ಯಾಲಿಯಂ.
‘ಸಂಜೆತನಕ ಮೊಮ್ಮಗಳನ್ನು ಎತ್ತಬೇಡಿ’
ಅಂದಳು ಪೆಡ್ನೇಕರ್ ಬಾಯಿ.
ಎತ್ತುವ ತ್ರಾಣ ಎಲ್ಲಿತ್ತು, ತಾಯಿ?

ಪರದೆಯ ಮೇಲೆ ನಾನು, ಹೊಗೆಯಂಥ ಮೈ.
ಗುಲ್ಮ, ಮೂತ್ರಕೋಶ ಹೊಳೆಯುವುದು ವಾಡಿಕೆಯಂತೆ.
ಅಲ್ಲಲ್ಲ, ಇನ್ನೂ ಕೆಳಗೆ,
ಎಡ ಹಿಮ್ಮಡಿಯಲ್ಲಿ
ಹುರಿಗಡಲೆಯಷ್ಟು ಬೆಳಕು.
ಅದು ಬಿಡುವ ಹಾರ್ಮೋನು
ಮೂಳೆಯ ಉಪ್ಪನ್ನೆಲ್ಲ ಉಚ್ಚೆಗೆ ಹರಿಸುತ್ತಿತ್ತಂತೆ.

ಡಾಕ್ಟರು ಹೆಬ್ಬೆರಳಲ್ಲಿ ಒತ್ತಿ ‘ನೋವೇ?’ ಅಂದರು.
ಇಲ್ಲ.
ಮೈಯೆಲ್ಲ ನೊಂದಾಗಲೂ
ಅದೊಂದು ಜಾಗ ನೊಂದಿರಲಿಲ್ಲ.

ಬಸ್ಸು ಬ್ರೇಕ್ ಹಾಕಿದಾಗೆಲ್ಲ
ಅಲ್ಲೇ ಭಾರ ಊರಿ
ಟಿಕೆಟ್ ಹರಿದಿದ್ದು,
‘ಪುಢೇ ಚಲಾ, ಪುಢೇ’ ಎಂದು ಕೂಗಿದ್ದು.