ಕೊಸರು

ನಾಲ್ಕು ದಿನದಿಂದ ಅಕ್ಷರಗಳು ಸಾಲು ತಪ್ಪುತ್ತಿವೆ.
ಉದ್ದದ ಕಮಾಂಡು ಬರೆದರೆ
ಎಪ್ಪತ್ತೊಂದನೆಯ ಮನೆಯಲ್ಲೇ ಗೋಡೆ ತಾಗಿದಂತೆ ತಿರುಗಿ,
ಕೆಳಗಿಳಿಯದೆ,
ತಮ್ಮ ತಲೆಯ ಮೇಲೆ ತಾವೇ ಕಾಲಿಡುತ್ತವೆ.

ಮೇಲ್ಬಾಣ ಒತ್ತಿ ನಿನ್ನೆಯದನ್ನು ಕರೆದರೆ
ನಿನ್ನೆಯ ಜೊತೆ ಮೊನ್ನೆಯ ಬಾಲವೂ ಬರುತ್ತದೆ.
ಅಳಿಸಹೋದರೆ ಅಳಿಯುವುದಿಲ್ಲ.
ಇದ್ದರಲ್ಲವೇ ಅಳಿಯಲಿಕ್ಕೆ?
ಎಂಟರ್ ಒತ್ತಿದರೆ ಮಾತ್ರ
ನಾನು ಬರೆದದ್ದೇ ನಡೆಯುತ್ತದೆ,
ಕಂಡದ್ದಲ್ಲ.

ಮಂಗಳೂರು ದಕ್ಕೆ, ಐಸ್ ಪ್ಲಾಂಟಿನ ಮಾಳಿಗೆ, ರಾತ್ರಿ ಮೂರು.
ಉಪ್ಪುಗಾಳಿಯ ಮೇಲೆ ಸಂಶಯಪಟ್ಟು
ಕೀಬೋರ್ಡು ಕವುಚಿ ತಟ್ಟಿದೆ:
ಎರಡು ಅನ್ನದಗುಳು, ಒಂದು ಮೀನಿನ ಮುಳ್ಳು.
ಮುಳ್ಳು ನನ್ನದಲ್ಲ, ಹಗಲುಪಾಳಿಯ ಲ್ಯಾನ್ಸಿಯದು.
ಪರದೆ ಎಷ್ಟಗಲ ಎಂದು ಯಂತ್ರವನ್ನೇ ಕೇಳಿದೆ.
ಎಂಬತ್ತು, ಅಂದಿತು. ಸುಳ್ಳಲ್ಲ.
ಟರ್ಮಿನಲ್ಲಿನ ಹೆಸರು ಕೇಳಿದೆ. ಅದೂ ಸರಿಯೇ.
ಒರೆಸಿ ಹೊಸದಾಗಿ ಬರೆಸಿದರೆ ಗಳಿಗೆ ಹೊತ್ತು ನೆಟ್ಟಗೆ,
ಮತ್ತೆ ಅದೇ ಕುಣಿತ.

ಕೊನೆಗೆ ನನ್ನದೇ ಫೈಲು ತೆರೆದು
ಒಂದೊಂದೇ ಸಾಲಿನ ಬಾಯಿ ಮುಚ್ಚಿಸುತ್ತ ಬಂದೆ.
ಹದಿನಾಲ್ಕನೆಯದು ಸುಮ್ಮನಾದದ್ದೇ
ಎಲ್ಲ ಸುಮ್ಮನಾಯಿತು.
ಶನಿವಾರ ನಾನೇ ಶೋಕಿಗೆ ಬರೆದ ಸಾಲು ಅದು,
ಪ್ರಾಂಪ್ಟಿನ ಮೋರೆಗೆ ಗಿಳಿಹಸಿರು.
ಬಣ್ಣ ಉಡಿಸಲು ಐದಕ್ಷರ, ಕಳಚಲು ನಾಲ್ಕು,
ಒಂಬತ್ತರಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ.
ತಪ್ಪು ಸಿಕ್ಕಿತು.
ತಪ್ಪಿನ ಹೆಸರು ಸಿಗಲಿಲ್ಲ.

ಕೆಳಗೆ ಬುಟ್ಟಿಗಳ ಸದ್ದು. ವಾರಿಜಕ್ಕ
ಹೊಸ ಹುಡುಗನಿಗೆ ಬಂಗುಡೆ ಎಣಿಸಲು ಕಲಿಸುತ್ತಿದ್ದಾಳೆ.
ಲಾಭ, ಎರಡು, ಮೂರು, ನಾಲ್ಕು…
ನೂರಾಯಿತು ಅನ್ನುತ್ತಾನೆ ಹುಡುಗ.
ಆಗಲಿಲ್ಲ ಅನ್ನುತ್ತದೆ ಬುಟ್ಟಿ.
ಇಪ್ಪತ್ತೈದಕ್ಕೊಂದರಂತೆ ಹಾಕಿದ ಕೊಸರನ್ನೂ
ಲೆಕ್ಕಕ್ಕೆ ಹಿಡಿದು,
ತುಂಬುವ ಮೊದಲೇ ತುಂಬಿತೆಂದು ಕೈತೊಳೆದಿದ್ದಾನೆ.

"ಕೊಸರು ಎಣಿಸ್ಲಿಕ್ಕುಂಟಾ ಮಾರಾಯಾ!
ಅದು ಹಾಕ್ಲಿಕ್ಕೆ ಮಾತ್ರ."

ನಾನು ಮೇಲೆ, ಕುರ್ಚಿಯ ತುದಿಗೆ ಬಂದು,
ಓರೆಗೆರೆಗೆ ಒರಗಿಸಿದ ಚೌಕ ಕಂಸಗಳನ್ನು ಇಟ್ಟೆ.
ಉಡಿಸುವುದಕ್ಕೊಂದು ಜೋಡಿ, ಕಳಚುವುದಕ್ಕೊಂದು:
ಇದು ಕೊಸರು, ಎಣಿಸಬೇಡ.

ಬಾಯಿಗೆ ಬಂದ ಮೀನಿನ ಹೆಸರೆಲ್ಲ ಟೈಪು ಮಾಡಿದೆ,
ಬೂತಾಯಿ ಅಂಜಲ್ ಕಾಣೆ ಮುರು ನಂಗು ಎಂದು.
ಎಂಬತ್ತೊಂದನೆಯ ಅಕ್ಷರ
ಮೆಟ್ಟಿಲು ತಡವಿಕೊಂಡು ಇಳಿದ ಹಾಗೆ
ಕೆಳಸಾಲಿಗೆ ಕಾಲಿಟ್ಟಿತು.
ನಿನ್ನೆಯನ್ನು ಕರೆದೆ.
ನಿನ್ನೆಯೊಂದೇ ಬಂತು.

ಚಾಕ್ಕೆಂದು ಇಳಿದಾಗ ನೋಡಿದೆ,
ಹುಡುಗ ಈಗ ಕೊಸರಿನ ಮೀನು ಹಾಕುವಾಗೆಲ್ಲ
ಮುಖ ಆಚೆ ತಿರುಗಿಸುತ್ತಾನೆ,
ಕಣ್ಣಿಗೆ ಬಿದ್ದರೆ ಎಲ್ಲಿ ಎಣಿಸಿಬಿಟ್ಟೇನೋ ಎಂದು.