ಬಾರಳು ಎಂಬುದರ ಚಿತ್ರೀಕರಣ

ಚಂಪಕ್ಕ ದೊಡಮನಿ ಬರೆದದ್ದು ಒಂಬತ್ತೇ ಸಾಲು,
ಬೈನಾದ ಕನ್ನಡ ಶಾಲೆಯ ಕೈಬರಹದ ವಾರ್ಷಿಕದಲ್ಲಿ.
ಲೆಕ್ಕದ ಒಗಟು ಈ ಕಡೆ, ಬೆಂಡೆಕಾಯಿ ಅಚ್ಚಿನ ಹೂವು ಆ ಕಡೆ,
ನಡುವೆ ಇಕ್ಕಟ್ಟಾಗಿ ಕೂತ ಪದ್ಯ:
ಒಬ್ಬಳು ಎರಡು ಕಪ್ಪು ಚಹಾ ಸೋಸುತ್ತಾಳೆ,
ಒಂದಕ್ಕೆ ಬಸಿ ಮುಚ್ಚುತ್ತಾಳೆ, ತಂಗಿಗೆಂದು.
ಕೊನೆಯ ಸಾಲಿನಲ್ಲಿ ಒಂದೇ ಪದ,
ಬಾರಳು.

ಎಂಟು ಸಾಲು ಸುಲಭ.
ಬಂದರಿನಲ್ಲಿ ಲಾರಿ ಎಣಿಸುವ ಪಾಳಿ ಮುಗಿಸಿ
ಮಾಂಗೋರ್ ಗುಡ್ಡ ಹತ್ತಿ ಖೋಲಿಯ ಬೀಗ ತೆಗೆದರೆ
ನಾನೇ ಎಲ್ಲ: ದೀಪ ಹಿಡಿಯುವವಳು, ಹಿಡಿಸಿಕೊಳ್ಳುವವಳು,
ಚಹಾ ಕಾಸುವವಳು, ಕಾಸಿದ್ದು ಆರಿತೆಂದು ಬೈಸಿಕೊಳ್ಳುವವಳು.
ಫೋನು ನಿಂತದ್ದು ಉಪ್ಪಿನಕಾಯಿ ಭರಣಿಗೆ ಒರಗಿ.
ಫೋಕಸ್ಸಿಗೆ ನನ್ನ ಬದಲಿ ಕಸಬರಿಗೆ,
ಕುರ್ಚಿಗೆ ಆನಿಸಿ, ನನ್ನ ರೇನ್‌ಕೋಟು ಹೊದಿಸಿ;
ನನಗಿಂತ ನೆಟ್ಟಗೆ ಕೂರುತ್ತಿತ್ತು, ನಿಜ ಹೇಳಬೇಕೆಂದರೆ.
ಕಿಟಕಿಯಿಂದ ಬಂದು ಬಸಿಯ ಮೇಲೆ ಕೂತ ಕಲ್ಲಿದ್ದಲ ಧೂಳು
ನನ್ನ ಕಲಾನಿರ್ದೇಶನವಲ್ಲ, ಊರಿನದು.

ಕಸಬರಿಗೆ ಮೂಲೆಗಿಟ್ಟು, ಗುಂಡಿ ಒತ್ತಿ, ಓಡಬೇಕು.
ಮಂಚ ಸುತ್ತಿ, ಬಕೆಟ್ಟು ದಾಟಿ, ಕೂತು,
ಬೆಳಗಿನಿಂದ ಅಲ್ಲೇ ಕೂತವಳ ಹಾಗೆ ಉಸಿರಾಡಬೇಕು.
ಹದಿನೇಳು ಸಲ ಓಡಿದೆ.

ಆಮೇಲೆ ಆ ಒಂದು ಪದ.
ನಮ್ಮ ಭಾಷೆಗೆ ಎಂಥ ಸೊಕ್ಕು ನೋಡಿ,
ಬರಬೇಕಾದವಳನ್ನೂ ಬರದಿರುವುದನ್ನೂ
ಮೂರಕ್ಷರದಲ್ಲಿ ಕಟ್ಟಿ ಕೈಗೆ ಕೊಟ್ಟುಬಿಡುತ್ತದೆ;
ನಿನ್ನೆಯೋ ನಾಳೆಯೋ ಎಂದೂ ಹೇಳುವುದಿಲ್ಲ.
ಫೋನಿಗೆ 'ಇಲ್ಲ' ಬರುವುದಿಲ್ಲ.
ಅದಕ್ಕೆ ತೋರಿಸಿದ್ದೆಲ್ಲ ಉಂಟು:
ಖಾಲಿ ಕುರ್ಚಿ ಎಂದರೆ ಒಂದು ಕುರ್ಚಿ ಉಂಟು,
ಮುಚ್ಚಿದ ಬಾಗಿಲೆಂದರೆ ಬಾಗಿಲುಂಟು,
ಅದರ ಮೊಳೆಗೆ ತೂಗುವ ಒದ್ದೆ ಚೀಲವೂ ಉಂಟು.
ಚಪ್ಪಲಿಯಿಲ್ಲದ ಹೊಸ್ತಿಲು ತೆಗೆದೆ. ಹೊಸ್ತಿಲಷ್ಟೇ ಬಂತು.
ಅತ್ತು ನೋಡಿದೆ. ಛೇ,
ಈರುಳ್ಳಿ ಹೆಚ್ಚಿದವಳ ಮುಖ.

ಹನ್ನೊಂದನೆಯ ಓಟಕ್ಕೆ ಗೋಡೆಯಾಚೆಯಿಂದ ಪಿಯೆದಾದ್ ಬಾಯಿ,
"ಕೋಣ್ ಆಯ್ಲಾ ಗೋ?"
ನನ್ನ ಧಡಧಡ ಕೇಳಿ ನೆಂಟರು ಬಂದರೆಂದುಕೊಂಡು.
"ಕೋಣ್ ನಾ," ಎಂದೆ.
ಯಾರೂ ಇಲ್ಲ.

ಇಪ್ಪತ್ತೆರಡು ವರ್ಷ ಈ ಊರಿನ ಕೊಂಕಣಿ ಆಡಿದ್ದೇನೆ,
ಬಂಗಡೆ ಚೌಕಾಸಿಗೆ, ಬಸ್ಸಿನ ಚಿಲ್ಲರೆಗೆ.
ಅವರ 'ನಾ' ಎಂದರೆ ಇಲ್ಲ,
ನನ್ನ 'ನಾ' ಎಂದರೆ ನಾನು;
ಆ ರಾತ್ರಿಯವರೆಗೆ ಇವರಿಬ್ಬರೂ
ಎದುರುಬದುರು ಕೂತು ಚಹಾ ಕುಡಿದಿರಲಿಲ್ಲ.

ಕತ್ತರಿಸಲು ಕೂತಾಗ ಪ್ರತಿ ತುಣುಕಿನ ತಲೆಯಲ್ಲೂ
ಆರೇಳು ಸೆಕೆಂಡು ಕಸ:
ಗುಂಡಿ ಒತ್ತಿದ್ದಾಗಿದೆ, ನಾನಿನ್ನೂ ಬಂದಿಲ್ಲ.
ಕುರ್ಚಿ. ಬಸಿಯಂಚಿನಿಂದ ನುಸುಳುವ ಹಬೆ.
ಯಾರೋ ದಾಟಿದ ಗಾಳಿಗೆ ಪರದೆ ಒಮ್ಮೆ
ಹೊಟ್ಟೆಯುಬ್ಬಿಸಿ ಸುಮ್ಮನಾಗುತ್ತದೆ.
ಬರುವ ಸದ್ದುಂಟು, ಬರುವವಳಿಲ್ಲ.
ಹತ್ತನ್ನು ಆಗಲೇ ಅಳಿಸಿಯಾಗಿತ್ತು.
ಹನ್ನೊಂದನೆಯದಕ್ಕೆ ಕೈ ನಿಂತಿತು,
ಅದರಲ್ಲಿ ಬಾಯಿಯ ದನಿ: ಕೋಣ್ ಆಯ್ಲಾ ಗೋ?
ಕುರ್ಚಿ ಉತ್ತರ ಹುಡುಕುತ್ತಿರುವಂತೆ.
ಅಲ್ಲಿಗೇ ಕತ್ತರಿಸಿದೆ, ನಾನು ಬಂದು ಕೂರುವ ಮುಂಚೆ.

ಭಾನುವಾರ ಚಂಪಕ್ಕನ ಮನೆಗೆ ಒಯ್ದು ತೋರಿಸಿದೆ.
ನಾಲ್ಕು ನಿಮಿಷ. ಚಾಳೀಸು ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.
ಪರದೆಯ ಬಗ್ಗೆ ಏನೂ ಹೇಳಲಿಲ್ಲ. ಧೂಳಿನ ಬಗ್ಗೆಯೂ.
"ಬಸಿ ಇದಲ್ಲ," ಅಂದರು. "ನಮ್ಮದು ಅಂಚೊಡೆದಿತ್ತು.
ಅಕೀನ ಕೆಡವಿದ್ದು."
ಪದ್ಯದಲ್ಲಿ ಅದು ಇರಲಿಲ್ಲ ಅಕ್ಕಾ, ಅಂದೆ.
"ಪದ್ಯದಾಗ ಹೆಂಗ ಇರ್ತದ," ಅಂತ
ಫೋನು ಮಗುಚಿ ಮೇಜಿನ ಮೇಲಿಟ್ಟು
ಚಹಾಕ್ಕಿಡಲು ಎದ್ದರು.