ಒಂದು ಅಥವಾ ಎರಡು

ಬೆಳಿಗ್ಗೆ ಏಳಕ್ಕೆ ಬರುತ್ತದೆ,
ಹಾಲಿನವನಿಗಿಂತ ಕರಾರುವಾಕ್ಕು:
"ನಿನ್ನೆ ರಾತ್ರಿ ನಿಮ್ಮ ಮಗುವಿಗೆ ಕೆಮ್ಮು ಬಂದಿತ್ತೇ?
ಹೌದಾದರೆ 1. ಇಲ್ಲವಾದರೆ 2."
ದೊಡ್ಡಾಸ್ಪತ್ರೆಯ ಕಂಪ್ಯೂಟರು.
ಬೈಯುವುದಿಲ್ಲ, ಅಯ್ಯೋ ಪಾಪ ಅನ್ನುವುದೂ ಇಲ್ಲ.

ಎರಡು ಒತ್ತುತ್ತಿದ್ದೆ ನಾನು.
ಒಂದು ಒತ್ತಿದರೆ ಫೋನು ಬರುತ್ತದೆ,
ಫೋನು ಬಂದರೆ ಕರಕೊಂಡು ಬನ್ನಿ ಅನ್ನುತ್ತಾರೆ,
ಹೋದರೆ ಚೀಟಿಯ ಸಾಲಿಗೇ ಅರ್ಧ ದಿನ,
ಅರ್ಧ ದಿನಕ್ಕೆ ಗಿರಣಿಯ ರುದ್ರೇಶಣ್ಣ
ಪೂರ್ತಿ ದಿನದ ಕೂಲಿ ಹಿಡಿಯುತ್ತಾನೆ.
ಲೆಕ್ಕ ನನಗೂ ಬರುತ್ತದೆ.
ನನ್ನ ಫೋನಿನಲ್ಲಿ ನೋಡಿ,
ಎರಡರ ಗುಂಡಿಯ ಬಣ್ಣವಷ್ಟೇ ಮಾಸಿದೆ.

ಗಾಂಧಿಬಜಾರಿನ ಹಿಂದಿನ ಗಲ್ಲಿ.
ಬ್ಯಾಡಗಿ ಒಂದು ಪಾಲು, ಗುಂಟೂರು ಎರಡು ಪಾಲು,
ಸಂಜೆಗೆ ಹುಬ್ಬೂ ಕೆಂಪು, ಜಡೆಯೂ ಕೆಂಪು.
ಸೀನುವುದು ಮರೆತು ಹನ್ನೊಂದು ವರ್ಷ.
ತುಂಗಾನಗರದ ಸ್ಟಾಪಿನಲ್ಲಿ ಇಳಿದರೆ
ಓಡಿ ಬಂದು ಸೆರಗಿನೊಳಗೆ ಮುಖ ಹುದುಗಿಸುವಳು:
"ಅಮ್ಮಾ, ನಿಂಗೆ ಸಾರಿನ ವಾಸ್ನೆ."
ಆಮೇಲೆ ರಾತ್ರಿ.

ಇಂಚರ ಎಂದು ಹೆಸರಿಟ್ಟವಳು ನಾನೇ.
ಎದೆಯೊಳಗೇ ಸಿಳ್ಳೆ ಹೊಡೆಯುವ ಮಗುವಿಗೆ
ಆ ಹೆಸರು ಕರೆಯುವಾಗ ಈಗ
ನಾಲಿಗೆ ಸ್ವಲ್ಪ ತಡೆಯುತ್ತದೆ.

ಮಂಗಳವಾರ ಬೇರೆ ಮೆಸೇಜು:
"ಪಂಪಿನ ನಂತರ ಬಾಯಿ ಮುಕ್ಕಳಿಸಲಿ."
ಎದುರು ಮನೆ ಗಿರಿಜಕ್ಕ ಮಾತ್ರ
"ಆ ಪಂಪು ಅಭ್ಯಾಸ ಮಾಡಿಸಬೇಡ ಮಾರಾಯ್ತಿ,
ಹೆಣ್ಣು ಹುಡುಗಿ, ನಾಳೆ ಯಾರು ಕೇಳ್ತಾರೆ"
ಅಂದಿದ್ದಳು. ನಾನೂ ಅದನ್ನು
ರೇಷನ್ ಡಬ್ಬದ ಹಿಂದೆ ತಳ್ಳಿದ್ದೆ.
ಎಂಟು ವರ್ಷದವಳಿಗೆ ಎಟುಕದಷ್ಟು ಮೇಲೆ.

ಮೊನ್ನೆ ಗಿರಣಿ ಓಡುತ್ತಿರುವಾಗಲೇ ಫೋನು.
ಜಸಿಂತಾ ಸಿಸ್ಟರು.
"ಬೆಳಿಗ್ಗೆ ಎರಡು ಕಳಿಸ್ತೀರಿ, ರಾತ್ರಿ ಒಂದು ಕಳಿಸ್ತೀರಿ.
ಯಾವುದು ನಿಜ ಅಮ್ಮ?"

ರಾತ್ರಿ ನಾನು ಏನೂ ಕಳಿಸಿಲ್ಲ, ಅಂದೆ.
ಖಾರದ ಬೆರಳಲ್ಲೇ ಒತ್ತಿ ಒತ್ತಿ ನೋಡಿದೆ:
ಒಂದೂ ಇಪ್ಪತ್ತಕ್ಕೆ, 1.
ಮೂರು ಗಂಟೆಗೆ, 1.
ಗುರುವಾರ ಎರಡೂ ಮುಕ್ಕಾಲಿಗೆ 1111,
ಗಟ್ಟಿಯಾಗಿ ಕೂಗಿದ ಹಾಗೆ.
ಮತ್ತೊಂದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ,
ಶಾಲೆಯಲ್ಲಿ ಕಲಿತಷ್ಟು, ತಪ್ಪು ತಪ್ಪಾಗಿ:
ಅಮ್ಮ ಮಲಗಿದಾಳೆ, ಮೆಲ್ಲಗೆ ಕೇಳಿ.
ಅದರ ಕೆಳಗೆ ಕಂಪ್ಯೂಟರಿನ ಉತ್ತರ:
"ಕ್ಷಮಿಸಿ, ಅರ್ಥವಾಗಲಿಲ್ಲ.
1 ಅಥವಾ 2 ಕಳಿಸಿ."

ಮಿಲ್ಲು ನಿಲ್ಲಿಸಲಿಲ್ಲ ಯಾರೂ.
ಕಣ್ಣೊರೆಸಿಕೊಂಡರೆ ಇನ್ನಷ್ಟು ಉರಿಯುತ್ತದೆ ಅಂತ
ಈ ಕೆಲಸಕ್ಕೆ ಸೇರಿದ ದಿನವೇ ಕಲಿತಿದ್ದೆ.
ಮರೆತು ಒರೆಸಿಕೊಂಡೆ.

"ನನ್ನ ಎಬ್ಬಿಸಬಾರದಿತ್ತಾ?"
"ನಿಂಗೆ ಸುಸ್ತಾಗಿರುತ್ತಲ್ಲ.
ಅದಕ್ಕೆ ನಿದ್ದೆ ಬರಲ್ಲ, ಅದಕ್ಕೇ ಅದಕ್ಕೆ ಹೇಳ್ದೆ."

ಈಗ ಗಿರಣಿಯ ಹಿತ್ತಲ ನಲ್ಲಿಯಲ್ಲಿ ತಲೆಗೂ ನೀರು,
ಚೀಲದಲ್ಲಿ ಇನ್ನೊಂದು ಸೀರೆ. ಆರೂವರೆ ಬಸ್ಸು ತಪ್ಪುತ್ತದೆ,
ಏಳರ ಬಸ್ಸಿನಲ್ಲಿ ಒದ್ದೆ ಜಡೆ ನೋಡಿ
ಕಂಡಕ್ಟರು ಯಾವ ಮಳೆ ಎಂದು ನಗುತ್ತಾನೆ.
ಪಂಪು ಕಿಟಕಿಯ ಕಟ್ಟೆಯ ಮೇಲಿದೆ,
ಗಿರಿಜಕ್ಕನಿಗೂ ಕಾಣುವಂತೆ.
ಮಗಳು ಹೊಸ್ತಿಲಲ್ಲೇ ನಿಂತು ಕುತ್ತಿಗೆ ಮೂಸಿ ನೋಡಿ
"ಪಾಸ್" ಎಂದ ಮೇಲೆ ಅಪ್ಪುಗೆ.
ಸಾರಿನ ವಾಸನೆ ಇಲ್ಲ ಅಂತ ಅವಳಿಗೆ
ಸ್ವಲ್ಪ ಬೇಜಾರೂ ಇದೆ.

ಇವತ್ತು ಏಳಕ್ಕೆ ಮತ್ತೆ ಬಂತು.
ಫೋನು ಅವಳ ಕೈಗೇ ಕೊಟ್ಟೆ.
ತುಂಬ ಹೊತ್ತು ಯೋಚಿಸಿದಳು.
"ಕೆಮ್ಮು ಬಂತು, ಚೂರೇ ಚೂರು, ಹೋಯ್ತು.
ಅಮ್ಮಾ, ಒಂದೂವರೆ ಒತ್ತೋಕಾಗಲ್ವಾ?"

ಆಗಲ್ಲ ಮಗಳೇ.
ಒಂದೇ ಒತ್ತು.